ನಮ್ಮೂರಿನ ಸಿನಿಮಾ ನೀವೇ ತೆಗೀರಿ



ವರ್ಷಕ್ಕೆ ಕಾಲಗಳು ಎಷ್ಟು? ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಅಂತ ಥಟ್ಟನೆ ಹೇಳ್ತೀರಿ. 2017ರಲ್ಲಿ ಬಿಡುಗಡೆಯಾದ ‘ಕಡ್ವಿ ಹವಾ’ ಎಂಬ ಹಿಂದಿ ಚಿತ್ರದಲ್ಲಿ ಮೇಷ್ಟ್ರು ಇಂಥದೇ ಪ್ರಶ್ನೆ ಕೇಳುತ್ತಾರೆ. ಹುಡುಗನೊಬ್ಬ ಎರಡೇ ಕಾಲ ಅಂತಾನೆ: ಬೇಸಿಗೆ, ಚಳಿ. ಮಳೆ ಬರೋದು ಎರಡು ನಾಲ್ಕು ದಿನ, ಅದನ್ನು ಕಾಲ ಅನ್ನೋದು ಹೇಗೆ?

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮಗೆ ಈ ಉತ್ತರ ಚೆನ್ನಾಗಿ ಅರ್ಥವಾಗುತ್ತದೆ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಾ ಕೂರುವ ಮನೆಗಳು ನಮ್ಮವು. ಪಾಠದಲ್ಲಿರುವ ಇಂಗಾಲದ ಡೈಆಕ್ಸೈಡ್‌ನ ಅಂಕಿಗಳನ್ನು ಪರೀಕ್ಷೆ ಮುಗಿದ ಮೇಲೆ ಮರೆತುಬಿಡ್ತೀರಿ, ಆ ಹುಡುಗನ ಮಾತನ್ನು ಮರೆಯಲ್ಲ. ಅದೇ ಚಿತ್ರದಲ್ಲಿ ಸಾಲ ವಸೂಲಿಗೆ ಬರುವವನ ಊರು ಒಡಿಶಾದ ಕಡಲತೀರ. ಇಲ್ಲಿ ನೀರಿಲ್ಲದ ಭಯ, ಅಲ್ಲಿ ನೀರು ನುಗ್ಗುವ ಭಯ. ಸಿನಿಮಾದ ಶಕ್ತಿ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ತೆರೆಯ ಮೇಲೆ ಕಂಡದ್ದೆಲ್ಲ ವಿಜ್ಞಾನವಲ್ಲ. 2004ರ ‘ದಿ ಡೇ ಆಫ್ಟರ್ ಟುಮಾರೋ’ ಚಿತ್ರದಲ್ಲಿ ನ್ಯೂಯಾರ್ಕ್ ನಗರ ಕೆಲವೇ ದಿನಗಳಲ್ಲಿ ಹೆಪ್ಪುಗಟ್ಟುತ್ತದೆ. ಹವಾಗುಣ ಹಾಗೆ ದಿನಗಳಲ್ಲಿ ಬದಲಾಗುವುದಿಲ್ಲ. ಅದನ್ನು ಸುಮಾರು 30 ವರ್ಷಗಳ ಸರಾಸರಿಯಿಂದ ಅಳೆಯುತ್ತಾರೆ. ನಮ್ಮ ಬರವೂ ಹೊಸದಲ್ಲ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಅಷ್ಟೇ. ಹಾಗಾದರೆ ಹೊಸದೇನು? ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಆದ್ದರಿಂದ ಬಂದರೆ ಒಂದೇ ಸಲ ಸುರಿಯುವ ಮಳೆ ಹೆಚ್ಚುತ್ತದೆ, ನಡುವಿನ ಒಣ ದಿನಗಳು ಮಣ್ಣನ್ನು ಇನ್ನಷ್ಟು ಬೇಗ ಒಣಗಿಸುತ್ತವೆ. 2021ರ ನವೆಂಬರ್‌ನಲ್ಲಿ ಇದೇ ಬರದ ಜಿಲ್ಲೆಯಲ್ಲಿ ಚಿತ್ರಾವತಿ ಉಕ್ಕಿ, ಸಿಕ್ಕಿಕೊಂಡವರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಆ ಒಂದು ಪ್ರವಾಹವೇ ಪುರಾವೆ ಅಂತ ನಾನು ಹೇಳಲ್ಲ. ಪುರಾವೆ ಬೇಕಾದರೆ ವರ್ಷಗಟ್ಟಲೆ ದಾಖಲೆ ಬೇಕು.

ದಾಖಲೆಯೂ ಸಿನಿಮಾ ಆಗಬಹುದು. ‘ಚೇಸಿಂಗ್ ಐಸ್’ (2012) ಸಾಕ್ಷ್ಯಚಿತ್ರದ ಛಾಯಾಗ್ರಾಹಕ ಜೇಮ್ಸ್ ಬಲೋಗ್, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾಗಳ ಹಿಮನದಿಗಳ ಎದುರು ಕ್ಯಾಮೆರಾ ನೆಟ್ಟು ವರ್ಷಗಟ್ಟಲೆ ಫೋಟೊ ತೆಗೆಸಿದರು. ಅವನ್ನು ಜೋಡಿಸಿ ಓಡಿಸಿದಾಗ ಹಿಮನದಿ ಹಿಂದೆ ಸರಿಯುವುದು ಕಣ್ಣಿಗೇ ಕಂಡಿತು.

ನಮ್ಮಲ್ಲಿ ಹಿಮನದಿ ಇಲ್ಲ, ಕೆರೆ ಇದೆ. ಪ್ರತಿ ತಿಂಗಳು 1ನೇ ತಾರೀಖು, ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ ಮೇಷ್ಟ್ರ ಫೋನಿನಲ್ಲಿ ಕೆರೆಯ ಒಂದು ಫೋಟೊ ತೆಗೀರಿ. ಶಾಲೆಯಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಅಳತೆ ಬರೆದಿಡಿ. ನೀವು ಹತ್ತನೇ ತರಗತಿ ಮುಗಿಸಿದಾಗ ಆ ಪುಸ್ತಕವನ್ನು ಕಿರಿಯರ ಕೈಗೆ ಕೊಡಿ.

ಯಾವ ಬೆಳೆ ಇಡಬೇಕು, ಕೆರೆ ಹೂಳು ಯಾವಾಗ ಎತ್ತಬೇಕು ಅಂತ ತೀರ್ಮಾನಿಸುವ ಹಿರಿಯರು ನಿಮ್ಮ ಪಠ್ಯಪುಸ್ತಕ ಓದೋದಿಲ್ಲ. ತಮ್ಮೂರ ಕೆರೆಯ ಸಿನಿಮಾ ಅಂದರೆ ಖಂಡಿತ ಬಂದು ಕೂರ್ತಾರೆ.