ಸರಾಸರಿಯೂ ಹೊರೆಯೂ

ದಾಂಡು, ಚೆಂಡು ಎರಡರಲ್ಲಿಯೂ ನಿಪುಣರಾದ ಕ್ರಿಕೆಟ್ ಪಟುಗಳಲ್ಲಿ ಅಗ್ರಗಣ್ಯರಾರೆಂಬ ಚರ್ಚೆಯು ಎದ್ದೊಡನೆ ವೆಸ್ಟ್ ಇಂಡೀಸಿನ ಸೋಬರ್ಸ್, ದಕ್ಷಿಣ ಆಫ್ರಿಕದ ಕಾಲಿಸ್ ಇವರ ಹೆಸರುಗಳೇ ಮುಂದೆ ಬರುತ್ತವೆ. ಅಂಕಿಗಳನ್ನು ನೋಡಿದರೆ ಅದು ಯುಕ್ತವೇ ಸರಿ. ಸೋಬರ್ಸರು 93 ಟೆಸ್ಟುಗಳಲ್ಲಿ 8032 ಓಟಗಳನ್ನೂ 235 ವಿಕೆಟ್ಟುಗಳನ್ನೂ ಗಳಿಸಿದರು. 166 ಟೆಸ್ಟುಗಳನ್ನಾಡಿದ ಕಾಲಿಸರವು 13289 ಓಟ, 292 ವಿಕೆಟ್ಟು. ಆದರೆ ಆಟಗಾರನು ಹೊತ್ತ ಹೊರೆಯನ್ನು ಸರಾಸರಿಯು ತೋರಿಸಲಾರದು. 1952ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಮ್ಮ ವಿನೂ ಮಂಕಡರು ಆರಂಭಕ್ಕಿಳಿದು 72, ಪುನಃ 184 ಓಟಗಳನ್ನು ಹೊಡೆದರು; ನಡುವೆ 73 ಓವರುಗಳನ್ನೆಸೆದು ಐದು ವಿಕೆಟ್ಟುಗಳನ್ನು ಕಿತ್ತರು. ಭಾರತವು ಸೋತಿತು, ನಿಜ. ಆದರೂ ಅದಕ್ಕೆ ಮಿಗಿಲಾದ ಏಕಾಂಗಸಾಹಸವನ್ನು ನಾವು ಕಾಣೆವು. ಇಂತಹವರಿಗೆ ಆ ಪ್ರವಾಸದ ತಂಡದಲ್ಲಿ ಮೊದಲು ಸ್ಥಳವೇ ಇರಲಿಲ್ಲ! ಲೀಡ್ಸಿನ ಸೋಲಿನ ತರುವಾಯ ಲ್ಯಾಂಕಾಶೈರಿನ ಕ್ಲಬ್ಬೊಂದರಿಂದ ಅವರನ್ನು ಎರವಲು ತರಬೇಕಾಯಿತು.