ಗೋಡೆ ಹೇಳುವುದೊಂದು, ಕುರ್ಚಿ ಹೇಳುವುದು ಇನ್ನೊಂದು

ಬೆಂಗಳೂರಿನ ಅಂಬೇಡ್ಕರ್ ವೀದಿಯಲ್ಲಿ ಎರಡು ಕಚೇರಿಗಳು ಎದುರುಬದುರು ನಿಂತಿವೆ. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನು ಬ್ರಿಟಿಷ್ ಕಮಿಷನರ್ ಆಡಳಿತದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಲಾಯಿತು. ಅದರ ಕೆಂಪು ಮೈ ಮತ್ತು ಯುರೋಪಿನ ಮಾದರಿಯ ಕಂಬಸಾಲು ಆಳುವವರು ಯಾರೆಂಬುದನ್ನು ದೂರದಿಂದಲೇ ಸಾರುತ್ತಿದ್ದವು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧ ಅದಕ್ಕೆ ಕಲ್ಲಿನಲ್ಲೇ ಕೊಟ್ಟ ಉತ್ತರ. ಕೆಂಗಲ್ ಹನುಮಂತಯ್ಯನವರು ಹಟಹಿಡಿದು ಉಳಿಸಿಕೊಂಡ ದ್ರಾವಿಡ ಶೈಲಿ, ಸಂಪುಟ ಸಭೆಯ ಕೊಠಡಿಯ ಶ್ರೀಗಂಧದ ಬಾಗಿಲು, ಮುಂಭಾಗದಲ್ಲಿ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ, ಇವೆಲ್ಲ ಸೇರಿ ಒಂದು ನಾಡು ತನ್ನನ್ನು ತಾನು ಹೇಗೆ ಕಾಣಬಯಸುತ್ತದೆ ಎಂಬುದನ್ನು ಹೇಳುತ್ತವೆ. ಸಂಸ್ಥೆಗಳು ಕಟ್ಟಡದ ಮೂಲಕ ಮಾತನಾಡುವುದು ಹೊಸತಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ಆ ಬರಹ ನಿಜವೋ ಅಲ್ಲವೋ ಎಂದು ಜನ ತೀರ್ಮಾನಿಸುವುದು ವಿಧಾನಸೌಧದ ಮೆಟ್ಟಿಲ ಮೇಲೆ ನಿಂತಲ್ಲ. ತಾಲ್ಲೂಕು ಕಚೇರಿಯಲ್ಲಿ ಕಾಯುವವರಿಗೆ ಬೆಂಚು ಇದೆಯೇ, ಅರ್ಜಿ ತುಂಬಲು ಮೇಜಿದೆಯೇ, ವಯಸ್ಸಾದವರು ಬಗ್ಗಿ ಇಣುಕಬೇಕಾದಷ್ಟು ಕೆಳಗೆ ಕೌಂಟರಿನ ಕಿಂಡಿ ಇದೆಯೇ ಎಂಬುದನ್ನು ನೋಡಿ ಅವರು ತೀರ್ಮಾನಿಸುತ್ತಾರೆ.

ಖಾಸಗಿ ಕಂಪನಿಗಳ ಕಚೇರಿಗಳಿಗೂ ಇದೇ ಅಳತೆಗೋಲು ಹೊಂದುತ್ತದೆ. ಇಂದು ಹೊಸ ಕಚೇರಿ ಮಾಡುವ ಬಹುತೇಕ ಕಂಪನಿಗಳು ‘ನಮ್ಮ ಬ್ರ್ಯಾಂಡ್ ಮತ್ತು ನಮ್ಮ ಸಂಸ್ಕೃತಿ ಒಳಾಂಗಣದಲ್ಲಿ ಕಾಣಬೇಕು’ ಎಂದೇ ಡಿಸೈನರ್ ಮುಂದೆ ಕೂರುತ್ತವೆ. ಅಲ್ಲಿಂದ ಹೊರಡುವ ಕೆಲಸ ಹೆಚ್ಚಾಗಿ ಲೋಗೊದ ಬಣ್ಣ, ರಿಸೆಪ್ಷನ್ನಿನ ಹಿಂದಿನ ಗೋಡೆ, ಕಾರಿಡಾರಿನಲ್ಲಿ ದೊಡ್ಡಕ್ಷರದ ಘೋಷಣೆಗಳು, ಫೋಟೊಕ್ಕೆ ಚೆನ್ನಾಗಿ ಕಾಣುವ ಒಂದು ಮೂಲೆ, ಇಷ್ಟಕ್ಕೆ ಬಂದು ನಿಲ್ಲುತ್ತದೆ. ನನ್ನ ವಾದ ಇದು: ಕಂಪನಿಯ ಸಂಸ್ಕೃತಿಯನ್ನು ಒಳಾಂಗಣ ನಿಜವಾಗಿ ಹೇಳುವುದು ಹಂಚಿಕೆಯಲ್ಲಿ. ಕಿಟಕಿ ಯಾರ ಪಾಲಿಗೆ ಬಂತು, ಮೌನ ಯಾರಿಗೆ ಸಿಕ್ಕಿತು, ಒಳ್ಳೆಯ ಕುರ್ಚಿ ಯಾರದ್ದು, ತನ್ನ ಜಾಗವನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುವ ಹಕ್ಕು ಯಾರಿಗಿದೆ ಎಂಬುದರಲ್ಲಿ. ಗೋಡೆಯ ಮಾತು ಈ ಹಂಚಿಕೆಗೆ ಹೊಂದದಿದ್ದರೆ, ಅಲ್ಲಿ ದಿನಕ್ಕೆ ಎಂಟೊಂಬತ್ತು ಗಂಟೆ ಕೂರುವವರಿಗೆ ಅದು ಗೊತ್ತಾಗಲು ಒಂದು ವಾರವೂ ಬೇಡ.

ಇದರ ಒಳಿತು ಕೆಡುಕು ಎರಡನ್ನೂ ಒಂದೇ ಕಡೆ ನೋಡಬೇಕೆಂದರೆ ಅಮೆರಿಕದ ಬಫಲೊ ನಗರದಲ್ಲಿದ್ದ ಲಾರ್ಕಿನ್ ಕಟ್ಟಡದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗದು. ಅಂಚೆಯ ಮೂಲಕ ಸೋಪು ಮಾರುತ್ತಿದ್ದ ಲಾರ್ಕಿನ್ ಕಂಪನಿಗಾಗಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಈ ಕಚೇರಿ 1906ರಲ್ಲಿ ಮುಗಿಯಿತು. ಸುತ್ತ ಕಾರ್ಖಾನೆಗಳ ಹೊಗೆ, ರೈಲಿನ ಮಸಿ. ಅದಕ್ಕೆ ಬೆನ್ನುಮಾಡಿ ಕಟ್ಟಡವನ್ನು ಒಳಮುಖವಾಗಿಸಿ, ನಡುವೆ ನೆಲದಿಂದ ಸೂರಿನವರೆಗೆ ತೆರೆದ ಅಂಗಳವೊಂದನ್ನು ಬಿಟ್ಟು, ಮೇಲಿನ ಗಾಜಿನಿಂದ ಬೆಳಕನ್ನು ಕೆಳಗಿನ ಮೇಜಿನವರೆಗೂ ಇಳಿಸಿದರು. ಒಳಗಿನ ಗಾಳಿಯನ್ನು ಶುದ್ಧಮಾಡುವ ವ್ಯವಸ್ಥೆ ಇತ್ತು, ನೌಕರರಿಗೆ ಊಟದ ಮನೆ ಇತ್ತು, ಓದಲು ಪುಸ್ತಕಗಳಿದ್ದವು. ಮೇಲಧಿಕಾರಿಗಳು ಮುಚ್ಚಿದ ಕೋಣೆಗಳಲ್ಲಿ ಅಡಗದೆ ಅದೇ ಅಂಗಳದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂರುತ್ತಿದ್ದರು. ಅಂಗಳದ ಸುತ್ತಲಿನ ಮೇಲಿನ ಗೋಡೆಯಲ್ಲಿ ಬುದ್ಧಿ, ಉತ್ಸಾಹ, ಸಹಕಾರ, ತ್ಯಾಗ ಮುಂತಾದ ಗುಣಗಳ ಹೆಸರುಗಳನ್ನು ಮೂರು ಮೂರರಂತೆ ಬರೆಸಿದ್ದರು. ಇಂದಿನ ಕಾರ್ಪೊರೇಟ್ ಗೋಡೆಬರಹಗಳ ಮುತ್ತಜ್ಜಿ ಅದೇ. ಅಲ್ಲಿನ ಬೆಳಕು ಮತ್ತು ಶುದ್ಧ ಗಾಳಿ ನಿಜಕ್ಕೂ ನೌಕರರ ಪಾಲಿಗೆ ಬಂದವು; ಆ ಮಟ್ಟಿಗೆ ಕಂಪನಿ ಗೋಡೆಯ ಮೇಲೆ ಬರೆಸಿದ್ದಕ್ಕೆ ಬೆಲೆ ತೆತ್ತಿತ್ತು. ಆದರೆ ಗುಮಾಸ್ತೆಯರ ಮೇಜಿಗೆ ಕುರ್ಚಿಯನ್ನೂ ಸೇರಿಸಿ ಕೂರಿಸಲಾಗಿತ್ತು. ನೆಲ ಗುಡಿಸುವುದು ಸಲೀಸಾಯಿತು, ಸಾಲು ಒಪ್ಪವಾಗಿ ಕಂಡಿತು, ಕೂತವಳಿಗೆ ಮಾತ್ರ ಕುರ್ಚಿಯನ್ನು ತನಗೆ ಬೇಕಾದ ಕಡೆ ಎಳೆದುಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ. ಸಹಕಾರ ಎಂಬ ಪದ ತಲೆಯ ಮೇಲೆ. ಮೇಜು ಕುರ್ಚಿ ಹೇಳುತ್ತಿದ್ದದ್ದು ಶಿಸ್ತಿನ ಮಾತು. ಅದೇ ರೈಟ್ 1939ರಲ್ಲಿ ರಸೀನ್ ಊರಿನಲ್ಲಿ ಜಾನ್ಸನ್ ವ್ಯಾಕ್ಸ್ ಕಂಪನಿಗೆ ತಾವರೆ ಎಲೆಯಂತೆ ಅರಳುವ ಕಂಬಗಳ ಅಪೂರ್ವ ಕಚೇರಿಯನ್ನು ಕಟ್ಟಿಕೊಟ್ಟರು. ಅಲ್ಲಿಗೆಂದೇ ರೂಪಿಸಿದ ಕುರ್ಚಿಗೆ ಮೂರೇ ಕಾಲು. ನೆಟ್ಟಗೆ ಕೂರದೆ ಸ್ವಲ್ಪ ವಾಲಿದರೂ ಅದು ಮಗುಚಿಕೊಳ್ಳುತ್ತಿತ್ತು. ಕೊನೆಗೆ ನಾಲ್ಕನೆಯ ಕಾಲು ಸೇರಿಸಬೇಕಾಯಿತು. ಕಣ್ಣಿಗೆ ಒಪ್ಪುವಂತೆ ರೂಪಿಸುವವರು ಕೂರುವವರನ್ನು ಕೇಳದಿದ್ದಾಗ ಮಹಾ ಪ್ರತಿಭೆಯೂ ಎಡವುತ್ತದೆ.

ಕೇಳುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹಾಸ್ಲಮ್ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಾಲ್ಕು ಬಗೆಯ ಕಚೇರಿಗಳಿದ್ದವು. ಮೊದಲನೆಯದರಲ್ಲಿ ಕೆಲಸಕ್ಕೆ ಬೇಕಾದದ್ದು ಬಿಟ್ಟು ಬೇರೇನೂ ಇಲ್ಲ. ಎರಡನೆಯದನ್ನು ಗಿಡ ಮತ್ತು ಚಿತ್ರಗಳಿಂದ ಮೊದಲೇ ಅಲಂಕರಿಸಲಾಗಿತ್ತು. ಮೂರನೆಯದರಲ್ಲಿ ಅವೇ ಗಿಡ, ಅವೇ ಚಿತ್ರಗಳನ್ನು ಕೆಲಸ ಮಾಡುವವರ ಕೈಗೇ ಕೊಟ್ಟು, ಬೇಕಾದಂತೆ ಜೋಡಿಸಿಕೊಳ್ಳಿ ಎಂದರು. ನಾಲ್ಕನೆಯದರಲ್ಲಿ ಅವರು ಜೋಡಿಸಿಕೊಂಡ ಮೇಲೆ ಪ್ರಯೋಗ ನಡೆಸುವವರು ಬಂದು ಎಲ್ಲವನ್ನೂ ತಮಗೆ ತೋಚಿದಂತೆ ಬದಲಿಸಿದರು. ಬರಿಯ ಕಚೇರಿಗೆ ಹೋಲಿಸಿದರೆ ಅಲಂಕರಿಸಿದ ಕಚೇರಿಯಲ್ಲಿ ಕೆಲಸದ ಉತ್ಪಾದಕತೆ ಸುಮಾರು ಶೇ 17ರಷ್ಟು ಹೆಚ್ಚಿತು, ತಾವೇ ಜೋಡಿಸಿಕೊಂಡಲ್ಲಿ ಸುಮಾರು ಶೇ 32ರಷ್ಟು. ನನ್ನ ಮಟ್ಟಿಗೆ ಇಡೀ ಅಧ್ಯಯನದ ಸಾರ ಇರುವುದು ನಾಲ್ಕನೆಯ ಕೋಣೆಯಲ್ಲಿ. ಗಿಡ ಅಲ್ಲೇ ಇತ್ತು, ಚಿತ್ರವೂ ಅಲ್ಲೇ ಇತ್ತು, ಆದರೆ ಕೊಟ್ಟ ಹಕ್ಕನ್ನು ಕಿತ್ತುಕೊಂಡ ಕೂಡಲೇ ಆ ಲಾಭವೆಲ್ಲ ಕರಗಿಹೋಯಿತು. ಇವು ಚಿಕ್ಕ ಅವಧಿಯ ಪ್ರಯೋಗಗಳು. ವರ್ಷವಿಡೀ ನಡೆಯುವ ಕಚೇರಿಯಲ್ಲಿ ಅಂಕಿ ಇಷ್ಟೇ ಇರುತ್ತದೆ ಎಂದು ವಾದಿಸಲು ಬರುವುದಿಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ. ಮೇಲಿನಿಂದ ಹೇರಿದ ಚಂದಕ್ಕಿಂತ ಕೈಯಾರೆ ಮಾಡಿಕೊಂಡ ಒಪ್ಪ ಮನುಷ್ಯನನ್ನು ಹೆಚ್ಚು ಹಿಡಿದಿಡುತ್ತದೆ.

‘ನಮ್ಮಲ್ಲಿ ಮುಕ್ತ ಸಂಸ್ಕೃತಿ’ ಎಂದು ಸಾರಲು ಗೋಡೆಗಳನ್ನೆಲ್ಲ ಒಡೆಸುವ ಪದ್ಧತಿಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ದೊಡ್ಡ ಅಮೆರಿಕನ್ ಕಂಪನಿಗಳ ನೌಕರರು ಓಪನ್ ಆಫೀಸಿಗೆ ಬದಲಾಗುವ ಮೊದಲು ಮತ್ತು ನಂತರ ಎಷ್ಟು ಮಾತನಾಡುತ್ತಾರೆ ಎಂಬುದನ್ನು ಕೊರಳಿಗೆ ಹಾಕಿದ ಸೆನ್ಸರುಗಳಿಂದ ದಾಖಲಿಸಿದರು. ಮುಖಾಮುಖಿ ಮಾತು ಹೆಚ್ಚಾಗುವ ಬದಲು ಸುಮಾರು ಶೇ 70ರಷ್ಟು ಇಳಿಯಿತು, ಇಮೇಲ್ ಮತ್ತು ಮೆಸೇಜು ಏರಿದವು. ಎಲ್ಲರ ಕಣ್ಣು ತನ್ನ ಮೇಲಿದೆ ಎಂದು ಗೊತ್ತಿದ್ದವರು ಇಯರ್‌ಫೋನ್ ಹಾಕಿಕೊಂಡು ತಮ್ಮ ಸುತ್ತ ಕಾಣದ ಗೋಡೆಯನ್ನು ತಾವೇ ಎಬ್ಬಿಸಿಕೊಳ್ಳುತ್ತಾರೆ. ಇದಕ್ಕೂ ಮೊದಲು, 1990ರ ದಶಕದ ನಡುವಿನಲ್ಲಿ, ಆ್ಯಪಲ್‌ಗೆ ಹೆಸರಾಂತ ಜಾಹೀರಾತು ಮಾಡಿಕೊಟ್ಟಿದ್ದ ಷಾಯಟ್‌/ಡೇ ಸಂಸ್ಥೆ ತಾನು ಭವಿಷ್ಯದ ಕಂಪನಿ ಎಂದು ತೋರಿಸಲು ಯಾರಿಗೂ ಸ್ವಂತ ಮೇಜೇ ಇಲ್ಲದ ಕಚೇರಿ ಮಾಡಿತು. ಬೆಳಿಗ್ಗೆ ಬಂದು ಫೋನು, ಲ್ಯಾಪ್‌ಟಾಪು ಪಡೆದು ಜಾಗ ಹುಡುಕಿಕೊಳ್ಳಬೇಕಿತ್ತು. ಪತ್ರಿಕೆಗಳು ಹೊಗಳಿದವು. ನೌಕರರು ಕಾಗದಪತ್ರಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವೇ ವರ್ಷಗಳಲ್ಲಿ ಸಂಸ್ಥೆ ಆ ಪ್ರಯೋಗವನ್ನು ಕೈಬಿಟ್ಟಿತು. ಅದೇ ಪದ್ಧತಿ ಈಗ ಹಾಟ್ ಡೆಸ್ಕ್ ಎಂಬ ಹೆಸರಿನಲ್ಲಿ ನಮ್ಮ ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳಿಗೂ ಬಂದಿದೆ.

ನಮ್ಮ ಊರಿನ ಕಚೇರಿಗಳದ್ದು ಇನ್ನೊಂದು ವಿಶೇಷ. ವಿದೇಶಿ ಕಂಪನಿಗಳ ಬೆಂಗಳೂರು ಕೇಂದ್ರಗಳಿಗೆ ಬಣ್ಣ, ಕಾರ್ಪೆಟ್ಟು, ಅಕ್ಷರದ ವಿನ್ಯಾಸ ಎಲ್ಲವೂ ಹೆಡ್ ಆಫೀಸಿನಿಂದ ನಿಯಮಾವಳಿಯಾಗಿ ಬರುತ್ತವೆ. ಅದರ ಮೇಲೆ ಒಂದು ಪದರ ‘ಲೋಕಲ್ ಫ್ಲೇವರ್’: ಮೀಟಿಂಗ್ ರೂಮಿಗೆ ಹಂಪಿ, ಕಬಿನಿ, ಜೋಗ ಎಂಬ ಹೆಸರು, ಗೋಡೆಯಲ್ಲಿ ಯಕ್ಷಗಾನದ ಕಿರೀಟ, ಚೌಕಟ್ಟಿನೊಳಗೆ ಚನ್ನಪಟ್ಟಣದ ಬೊಂಬೆ. ಕುಶಲಕರ್ಮಿಗಳಿಗೆ ಇದರಿಂದ ನಾಲ್ಕು ಕಾಸು ಸಿಕ್ಕರೆ ಸಂತೋಷ. ಆದರೆ ಅದೇ ಕಟ್ಟಡದಲ್ಲಿ ನೆಲ ಒರೆಸುವ, ಪ್ಯಾಂಟ್ರಿಯಲ್ಲಿ ಚಹಾ ಇಡುವ, ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಕನ್ನಡಿಗರ ಗತಿ ಏನೆಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಅವರ ಕೊರಳಿನ ಐ.ಡಿ. ಕಾರ್ಡಿನಲ್ಲಿ ಗುತ್ತಿಗೆ ಏಜೆನ್ಸಿಯ ಹೆಸರಿರುತ್ತದೆ. ಗೋಡೆಯ ಮೇಲಿನ ‘ನಾವೆಲ್ಲ ಒಂದೇ ಕುಟುಂಬ’ ಅವರು ಓದಲಾಗದ ಭಾಷೆಯಲ್ಲಿರುತ್ತದೆ. ಮಧ್ಯಾಹ್ನದ ಬುತ್ತಿ ಬಿಚ್ಚಲು ಅವರು ಹುಡುಕುವುದು ಬೇಸ್‌ಮೆಂಟು, ಮೆಟ್ಟಿಲ ಕೆಳಗಿನ ಜಾಗ, ಸರ್ವಿಸ್ ಲಿಫ್ಟಿನ ಪಕ್ಕದ ಮೂಲೆ. ಒಳಾಂಗಣದ ನಕ್ಷೆ ಸಿದ್ಧವಾಗುವಾಗ ಕಾಫಿ ಯಂತ್ರಕ್ಕೆ ಇಷ್ಟು ಚದರಡಿ ಎಂದು ಗುರುತು ಬೀಳುತ್ತದೆ. ಹೌಸ್‌ಕೀಪಿಂಗ್ ಸಿಬ್ಬಂದಿ ಬಟ್ಟೆ ಬದಲಿಸಲು, ಕೂತು ಉಣ್ಣಲು ಗುರುತು ಬೀಳದಿದ್ದರೆ ಆ ಕಂಪನಿಯ ಸಂಸ್ಕೃತಿ ಏನೆಂಬುದು ನಕ್ಷೆಯಲ್ಲೇ ದಾಖಲಾದಂತೆ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ನನ್ನ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕಚೇರಿಗೆ ಗ್ರಾಹಕರು ಬರುತ್ತಾರೆ, ಹೂಡಿಕೆದಾರರು ಬರುತ್ತಾರೆ, ಅವರ ಮೊದಲ ನೋಟಕ್ಕೆ ಬೆಲೆ ಇಲ್ಲವೇ? ಇದೆ. ಭಾರತದ ಸಾಫ್ಟ್‌ವೇರ್ ಕಂಪನಿಗಳ ಸಾಮರ್ಥ್ಯವನ್ನು ಹೊರದೇಶದವರು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಇನ್ಫೊಸಿಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಟ್ಟಿದ ಕ್ಯಾಂಪಸ್ಸು, ಅದರ ಗಾಜಿನ ಪಿರಮಿಡ್ಡು ಆ ಅನುಮಾನಕ್ಕೆ ಕೊಟ್ಟ ಜವಾಬಾಗಿತ್ತು. ಅದರ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂದದ್ದು ವ್ಯರ್ಥವಾಗಲಿಲ್ಲ. ಆದರೆ ಆ ಕ್ಯಾಂಪಸ್ಸನ್ನು ಹೊಸ ಪದವೀಧರರ ಕಣ್ಣಲ್ಲಿ ಆಕರ್ಷಕವಾಗಿಸಿದ್ದು ಪಿರಮಿಡ್ಡು ಒಂದೇ ಅಲ್ಲ. ಫುಡ್ ಕೋರ್ಟುಗಳು, ಆಟದ ಜಾಗ, ನಡೆದಾಡುವ ಹಸಿರು ಎಲ್ಲ ದರ್ಜೆಯ ನೌಕರರಿಗೂ ತೆರೆದಿದ್ದವು. ಹೊರಮುಖಕ್ಕೆ ಖರ್ಚು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಸಂದರ್ಶಕ ಅರ್ಧ ಗಂಟೆ ಕೂರುವ ಸೋಫಾಕ್ಕೆ ಮೊದಲ ಹಣ, ನೌಕರ ಹತ್ತು ವರ್ಷ ಕೂರುವ ಕುರ್ಚಿಗೆ ಉಳಿದ ಹಣ ಎಂಬ ಕ್ರಮ ತಿರುವುಮುರುವಾಗಬೇಕು ಎನ್ನುತ್ತಿದ್ದೇನೆ. ಬೇಸತ್ತ ನೌಕರರಿರುವ ಕಚೇರಿಯಲ್ಲಿ ಗ್ರಾಹಕನಿಗೆ ಸಿಗುವ ಸೇವೆಯೂ ಬೇಸತ್ತದ್ದೇ.

ಜೋಡಿಸಿಕೊಳ್ಳುವುದನ್ನು ಎಲ್ಲರಿಗೂ ಬಿಟ್ಟರೆ ಕಚೇರಿ ಸಂತೆಯಾಗುತ್ತದೆ, ಕಂಪನಿಯ ಗುರುತೇ ಅಳಿಸಿಹೋಗುತ್ತದೆ ಎಂಬ ಭಯವೂ ಕೇಳಿಬರುತ್ತದೆ. ಡಚ್ ಆರ್ಕಿಟೆಕ್ಟ್ ಹೆರ್ಮನ್ ಹೆರ್ಟ್ಸ್‌ಬರ್ಗರ್ ಈ ಭಯಕ್ಕೆ 1972ರಲ್ಲೇ ಉತ್ತರ ಕಟ್ಟಿ ತೋರಿಸಿದ್ದಾರೆ. ಆಪೆಲ್‌ಡೋರ್ನ್ ಊರಿನಲ್ಲಿ ಸೆಂಟ್ರಾಲ್ ಬೆಹೇರ್ ಎಂಬ ವಿಮಾ ಸಂಸ್ಥೆಗೆ ಅವರು ಮಾಡಿದ ಕಚೇರಿ ಚಿಕ್ಕ ಚಿಕ್ಕ ಚೌಕಗಳ ಜೋಡಣೆ. ಕಾಂಕ್ರೀಟಿನ ಕಂಬ, ಬರಿಯ ಕಾಂಕ್ರೀಟ್ ಬ್ಲಾಕಿನ ಗೋಡೆ, ಮೇಲಿಂದ ಬೀಳುವ ಬೆಳಕು ಇವು ಎಲ್ಲ ಕಡೆ ಒಂದೇ. ಉಳಿದದ್ದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟು, ತುಂಬುವ ಕೆಲಸವನ್ನು ನೌಕರರಿಗೆ ವಹಿಸಿದರು. ಜನ ಮನೆಯಿಂದ ಗಿಡ ತಂದರು, ಚಿತ್ರ ತಂದರು, ತಮ್ಮ ಚೌಕವನ್ನು ತಮ್ಮದಾಗಿಸಿಕೊಂಡರು. ಕಟ್ಟಡದ ಗುರುತು ಅಳಿಯಲಿಲ್ಲ; ಆ ಕಚೇರಿ ಇಂದಿಗೂ ಆರ್ಕಿಟೆಕ್ಚರ್ ಪಾಠಗಳಲ್ಲಿ ಉಳಿದಿರುವುದು ಅದೇ ಕಾರಣಕ್ಕೆ. ಚೌಕಟ್ಟು ಗಟ್ಟಿಯಾಗಿದ್ದರೆ ಒಳಗಿನ ಸ್ವಾತಂತ್ರ್ಯಕ್ಕೆ ಹೆದರಬೇಕಿಲ್ಲ.

ಖರ್ಚಿನ ಮಾತು ಬಂದಾಗ ಸಣ್ಣ ಉದ್ದಿಮೆಯವರು ಕೈಚೆಲ್ಲುತ್ತಾರೆ. ಅವರಿಗೆ ನನ್ನ ಉತ್ತರ ಚಿಕ್ಕದು. ನಾನು ಹೇಳುತ್ತಿರುವುದು ಬ್ರ್ಯಾಂಡ್ ಗೋಡೆಗಿಂತ ಅಗ್ಗ. ಕಿಟಕಿಯ ಸಾಲನ್ನು ಕ್ಯಾಬಿನ್ನುಗಳಿಗೆ ಕೊಡದೆ ಎಲ್ಲರ ಮೇಜುಗಳಿಗೆ ಬಿಡುವುದಕ್ಕೆ ಹೆಚ್ಚಿನ ಹಣ ಬೇಡ. ಗದ್ದಲವಿಲ್ಲದ ಒಂದು ಕೋಣೆಯನ್ನು ಯಾರ ದರ್ಜೆಯನ್ನೂ ನೋಡದೆ ತೆರೆದಿಡುವುದಕ್ಕೂ ಬೇಡ. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ ಒಂದು ಸ್ಟೂಲು ಕೊಡಿಸಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಅಲ್ಲಿ ಕೊರತೆಯಿದ್ದದ್ದು ಸ್ಟೂಲಿನ ಬೆಲೆಯಲ್ಲ, ಮಾಲೀಕರ ಮನಸ್ಸು.

ಮನೆಯಿಂದಲೇ ಕೆಲಸ ಮಾಡಬಹುದೆಂದು ಕೊರೊನಾ ಕಾಲದಲ್ಲಿ ಕಂಡುಕೊಂಡವರನ್ನು ಮತ್ತೆ ಆಫೀಸಿಗೆ ಬನ್ನಿ ಎಂದು ಕರೆಯುತ್ತಿರುವ ಕಂಪನಿಗಳು ಈಗ ಒಳಾಂಗಣಕ್ಕೆ ಮತ್ತೆ ಹಣ ಹಾಕುತ್ತಿವೆ. ಅಂಥ ಕಂಪನಿ ನಡೆಸುವವರಲ್ಲಿ, ಅವರಿಗೆ ನಕ್ಷೆ ಬರೆದುಕೊಡುವ ಡಿಸೈನರುಗಳಲ್ಲಿ ನನ್ನದೊಂದು ವಿನಂತಿ. ಬಣ್ಣದ ಕಾರ್ಡು ತೆರೆಯುವ ಮೊದಲು ಒಂದು ವಾರ ಹಳೆಯ ಕಚೇರಿಯಲ್ಲೇ ಕೂತು ನೋಡಿ. ಯಾರ ಮೇಜಿನ ಮೇಲೆ ಎ.ಸಿ. ಗಾಳಿ ನೇರವಾಗಿ ಬೀಳುತ್ತದೆ, ಫೋನಿನಲ್ಲಿ ಮಾತನಾಡಲು ಜನ ಮೆಟ್ಟಿಲಿಗೆ ಯಾಕೆ ಹೋಗುತ್ತಾರೆ, ಸೆಕ್ಯುರಿಟಿಯವರು ಎಲ್ಲಿ ಉಣ್ಣುತ್ತಾರೆ, ಗಾಲಿಕುರ್ಚಿಯಲ್ಲಿ ಬಂದವರು ಎಲ್ಲಿಯವರೆಗೆ ತಲುಪಬಲ್ಲರು ಎಂದು ಬರೆದುಕೊಳ್ಳಿ. ಒಳಾಂಗಣದ ಬಜೆಟ್ಟಿನಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಟ್ಟು, ಅದನ್ನು ಹೇಗೆ ಖರ್ಚು ಮಾಡಬೇಕೆಂಬ ತೀರ್ಮಾನವನ್ನು ಹೌಸ್‌ಕೀಪಿಂಗ್‌ನವರೂ ಸೇರಿದಂತೆ ಅಲ್ಲಿ ದುಡಿಯುವವರಿಗೇ ಬಿಡಿ. ಗೋಡೆಗೆ ಏನು ಬರೆಸಬೇಕೆಂಬುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ, ಬರೆಸುವುದಾದರೆ ಕನ್ನಡದಲ್ಲೂ ಬರೆಸಿ.