ಬಂಟ್ವಾಳದ ಸೆಕೆಯಲ್ಲಿ ಓವರ್‌ಕ್ಲಾಕಿಂಗ್

"ಅಣ್ಣ, ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬಹುದಾ?" ಅಂತ ಬೆಳ್ತಂಗಡಿಯ ತಮ್ಮ ಕೇಳಿದ. ಚಿಕ್ಕಪ್ಪ ಅಡಿಕೆ ಮಾರಿ ತೆಗೆದುಕೊಟ್ಟ ಕಂಪ್ಯೂಟರ್. ಮಾಡು ಮಾರಾಯ, ಆದರೆ ಪರೀಕ್ಷೆ ಎಪ್ರಿಲ್ ಮಧ್ಯಾಹ್ನ ಮಾಡು ಅಂದೆ.

ತಮಾಷೆಯಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಯ ಸೆಟ್ಟಿಂಗು ಬಂಟ್ವಾಳ, ಮೂಡುಬಿದಿರೆಯ ಸೆಕೆಗೆ ಆಗುವುದಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಬಿಸಿಯಾಗುತ್ತದೆ.

ಒಮ್ಮೆಗೆ 100 ಮೆಗಾಹರ್ಟ್ಸ್ ಏರಿಸಿ, ಅರ್ಧ ಗಂಟೆ ಪ್ರೈಮ್95 ಓಡಿಸಿ, 85 ಡಿಗ್ರಿ ದಾಟಿದರೆ ಹಿಂದೆ ಬನ್ನಿ. ಹೊಸಬರು ವೋಲ್ಟೇಜ್ ಏರಿಸಲೇಬಾರದು ಅನ್ನುವುದು ನನ್ನ ವಾದ. ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.2ರಿಂದ 1.3 ವೋಲ್ಟ್ ಅಂದರೆ ಸುಮಾರು ಶೇ. 17 ಜಾಸ್ತಿ. ಮದರ್‌ಬೋರ್ಡಿನ 'ಆಟೋ'ವನ್ನೂ ನಂಬಬೇಡಿ, ಅದು ಸದ್ದಿಲ್ಲದೆ ಏರಿಸಿಬಿಡಬಹುದು.

ತಮ್ಮ ಮೊದಲು ಕ್ಯಾಬಿನೆಟ್ ಬಿಚ್ಚಿದನಂತೆ. ಫ್ಯಾನಿನ ತುಂಬಾ ಧೂಳು, ಒಂದು ಸತ್ತ ಹಲ್ಲಿ! ಓವರ್‌ಕ್ಲಾಕಿಂಗ್ ಸದ್ಯಕ್ಕೆ ಮುಂದೆ ಹೋಗಿದೆ :)